ಹಿತ್ತಿಲ ಕೋಣೆಯ ಮೂರು ದಿನ

"ಮೊರ ಹೊಸದೇ ಆಗಬೇಕು," ಎಂದರು ಗುರುಚರಣ ಆಚಾರ್ಯರು. "ಅಕ್ಕಿ ಕೇರಿದ್ದು ಬರೋದಿಲ್ಲ."

ಸ್ಟೂಲು ಹತ್ತಿ ಅಟ್ಟದ ಮೇಲಿಂದ ಹಳೆಯ ಮೊರ ಎಳೆಯುತ್ತಿದ್ದ ನವ್ಯಾಳ ಕೈ ಅಲ್ಲೇ ನಿಂತಿತು. ಧೂಳು ಕಣ್ಣಿಗೇ ಬಿತ್ತು. ಕೆಳಗೆ ಕೈಯೊಡ್ಡಿಕೊಂಡು ನಿಂತಿದ್ದ ಅವಳ ಮಾವನ ತಂಗಿ ಚಂದ್ರಮತಿಗೆ ಸಿಟ್ಟು ಬಂತು.

"ಅಡಡಾ! ಇದನ್ನ ಮುಂಚೇನೇ ಹೇಳಬಾರದಾ ಆಚಾರ್ರೇ? ಈ ಹುಡುಗಿ ಅರ್ಧ ಗಂಟೆಯಿಂದ ಅಟ್ಟ ಜಾಲಾಡ್ತಿದ್ದಾಳೆ. ಗಂಗಾಧರ, ನೀನೇ ಹೋಗಿ ಬಾಪ್ಪಾ. ಹೈರೋಡಲ್ಲಿ ಬಿದಿರಿನ ಸಾಮಾನು ಮಾರ್ತಾರಲ್ಲ, ಅಲ್ಲಿ. ಆಡಿ ತಿಂಗಳ ಸೇಲ್ ಗುಂಪಲ್ಲಿ ಸಿಕ್ಕಿಹಾಕ್ಕೋಬೇಡ, ಸೀಕ್ರ, ಬೇಗ ಬಾ."

ಮಹಡಿ ಮನೆಯ ಗಂಗಾಧರ ಚಪ್ಪಲಿ ಮೆಟ್ಟಿಕೊಂಡು ಓಡಿದ. ಪುರಸೈವಾಕ್ಕಂ ಹೈರೋಡಿನ ಜವಳಿ ಅಂಗಡಿಗಳ ಧ್ವನಿವರ್ಧಕ ಆಗಲೇ ಶುರುವಾಗಿತ್ತು. ಒಂದು ಸೀರೆ ಕೊಂಡರೆ ಇನ್ನೊಂದು ಪುಕ್ಕಟೆ ಎಂದು ಅದು ಗಲ್ಲಿಯೊಳಗಿನವರೆಗೂ ಕೂಗಿ ಹೇಳುತ್ತಿತ್ತು. ಸಾವಿನ ಮನೆ ಎಂದರೆ ಅದಕ್ಕೇನು ಗೊತ್ತು.

ನವ್ಯಾಳ ಅತ್ತೆ ಜಲಜಾಕ್ಷಿ ಹಿತ್ತಿಲ ಜಗಲಿಯಲ್ಲಿ ಚಾಪೆಯ ಮೇಲೆ ಮಲಗಿದ್ದಳು. ಐವತ್ತಾರು ವರ್ಷ. ಬೆಳಿಗ್ಗೆ ಆರಕ್ಕೆ ಕಾಫಿ ಕೊಡಲು ಹೋದ ನವ್ಯಾ ನೋಡಿದಾಗ ಹಿತ್ತಿಲ ಕೋಣೆಯ ಗೋಡೆಗೆ ಒರಗಿ ಕುಳಿತ ಹಾಗೇ ತಣ್ಣಗಾಗಿದ್ದಳು. ಪಕ್ಕದ ಬೀದಿಯ ಡಾಕ್ಟರು ಬಂದು, ಹೃದಯ ನಿಂತಿದೆ ಎಂದು ಹೇಳಿ ಹೋಗಿದ್ದರು. ಗಂಡನಿರುವಾಗಲೇ ಹೋದ ಮುತ್ತೈದೆ. ನಡುಮನೆಯಲ್ಲಿ ಮಲಗಿಸಿ, ಕೆನ್ನೆಗೆ ಅರಿಶಿನ ಹಚ್ಚಿ, ಒಳ್ಳೆಯ ಸೀರೆ ಉಡಿಸಿ, ತಲೆತುಂಬ ಮಲ್ಲಿಗೆ ಮುಡಿಸಬೇಕಾಗಿತ್ತು. ನೆರೆಕರೆಯ ಹೆಂಗಸರು ಸಾಲಾಗಿ ಬಂದು ಕುಂಕುಮ ಹಚ್ಚಿ ಕೈಮುಗಿಯಬೇಕಾಗಿತ್ತು. ಅದೊಂದೂ ಆಗಿರಲಿಲ್ಲ. ಏಕೆಂದರೆ ಅವಳು ಸತ್ತಾಗ ಹೊರಗಾಗಿದ್ದಳು.

ಎರಡು ತಲೆಮಾರಿನ ಹಿಂದೆ ಮದರಾಸಿಗೆ ಬಂದು ನೆಲೆಸಿದ ಮಾಧ್ವರ ಮನೆ ಅದು. ಮಾತಿಗೆ ತಮಿಳು ಸೇರಿಕೊಂಡಿತು, ಊರಿನ ಹೆಸರೇ ಬದಲಾಯಿತು, ಹಿತ್ತಿಲ ಕೋಣೆ ಮಾತ್ರ ಇದ್ದಲ್ಲೇ ಇತ್ತು. ಮನೆಯ ಹೆಂಗಸರು ಮುಟ್ಟಾದಾಗ ತಿಂಗಳಿಗೆ ಮೂರು ದಿನ ಅಲ್ಲಿ ಕೂರಬೇಕು. ಅವರು ಯಾರನ್ನೂ ಮುಟ್ಟಬಾರದು, ಅವರು ಮುಟ್ಟಿದ್ದನ್ನು ಬೇರೆ ಯಾರೂ ಮುಟ್ಟಬಾರದು. ಆ ದಿನಗಳಲ್ಲಿ ಸತ್ತವಳನ್ನು ಹಾಗೆಯೇ ಸುಡುವಂತೆಯೂ ಇಲ್ಲ. ಹೊಸ ಮೊರದ ಮೇಲಿಂದ ನೂರೆಂಟು ಸಲ ನೀರು ಹಾಯಿಸಿ ಶುದ್ಧಿ ಮಾಡಬೇಕು. ಆಮೇಲೆ ಪಂಚಗವ್ಯ, ಆಮೇಲೆ ಹೂವು ಕುಂಕುಮ. ಆಚಾರ್ಯರು ಪುಸ್ತಕ ತೆಗೆದು ತೋರಿಸಿದ್ದರು. ಜಲಜಾಕ್ಷಿಯ ಗಂಡ ಕೃಷ್ಣಮೂರ್ತಿ ಕನ್ನಡಕ ಹಾಕಿಕೊಳ್ಳದೆಯೇ ಪುಟ ನೋಡಿ ತಲೆಯಾಡಿಸಿದ್ದರು.

"ಐವತ್ತಾರಾದ್ರೂ ನಿಂತಿರಲಿಲ್ಲವಲ್ಲ ಅತ್ತಿಗೆಗೆ!" ಎಂದಳು ಚಂದ್ರಮತಿ.

ಹಿತ್ತಿಲ ಬಾಗಿಲ ಒಳಗೆ ಕುರ್ಚಿ ಹಾಕಿಕೊಂಡು, ಊರುಗೋಲು ಹಿಡಿದು ಕೂತಿದ್ದ ರಮಾಬಾಯಿ ಮಗಳ ಕಡೆ ತಿರುಗಿದರು. ಜಲಜಾಕ್ಷಿಯ ಅತ್ತೆ, ಎಂಬತ್ತೆರಡು ವರ್ಷ. "ಎಲ್ಲರ ಮೈಯೂ ಒಂದೇ ತರ ಇರತ್ತಾ?" ಎಂದರು ಅಷ್ಟೆ.

ಅವರ ತಲೆಯ ಪಕ್ಕದಲ್ಲಿ ಗೋಡೆಗೆ ಕ್ಯಾಲೆಂಡರು ತೂಗಿತ್ತು. ಜಲಜಾಕ್ಷಿ ಕೂತ ದಿನಕ್ಕೆ ಕುಂಕುಮದ ಚುಕ್ಕೆ, ನವ್ಯಾ ಕೂತ ದಿನಕ್ಕೆ ಅರಿಶಿನದ ಚುಕ್ಕೆ. ಇಡುವವರು ರಮಾಬಾಯಿಯೇ. ಈ ಜುಲೈನಲ್ಲಿ ಅರಿಶಿನ ಹನ್ನೊಂದಕ್ಕೆ ಬಿದ್ದಿತ್ತು, ಕುಂಕುಮ ನಿನ್ನೆ ಇಪ್ಪತ್ಮೂರಕ್ಕೆ.

ಆದರೆ ಜಲಜಾಕ್ಷಿ ಹೊರಗಾಗಿರಲಿಲ್ಲ. ಅವಳಿಗೆ ಮುಟ್ಟು ನಿಂತು ಎರಡು ವರ್ಷ ದಾಟಿತ್ತು. ತನಗೊಬ್ಬಳಿಗೇ ಅದು ಗೊತ್ತೆಂದು ನವ್ಯಾ ತಿಳಿದಿದ್ದಳು.

ಒಂದು ಮಾತು ಹೇಳಿದರೆ ಸಾಕು, ಅತ್ತೆ ಈ ಕ್ಷಣವೇ ನಡುಮನೆಗೆ ಬರುತ್ತಾರೆ. ಹೇಳಿದರೆ ಅವರು ಸುಳ್ಳಿಯೂ ಆಗುತ್ತಾರೆ. ಆ ಕೋಣೆಗೂ ಅದರೊಳಗಿನ ಹಳೇ ಕಂಪ್ಯೂಟರಿಗೂ ಇನ್ನು ಬೀಗವೇ. ತನ್ನ ಮೂರು ದಿನಗಳನ್ನೂ ಇನ್ನು ಎಲ್ಲರೂ ಬೆರಳು ಮಡಿಸಿ ಎಣಿಸುತ್ತಾರೆ. ಹೇಳದಿದ್ದರೆ ಅತ್ತೆ ಇನ್ನೊಂದು ಗಂಟೆ ಈ ಕಲ್ಲಿನ ಮೇಲೆ ಎಲ್ಲರೆದುರು ನೆನೆಯುತ್ತಾ ಬಿದ್ದಿರಬೇಕು. ಇಂಥ ಹೊತ್ತಿನಲ್ಲೂ ತನ್ನ ಪಾಲಿನದು ನೆನಪಾಯಿತಲ್ಲ ಎಂದು ನವ್ಯಾಗೆ ನಾಚಿಕೆಯಾಯಿತು. ಆದರೂ ಬಾಯಿ ಬಿಡಲಿಲ್ಲ, ಸ್ಟೂಲಿನಿಂದ ಇಳಿದಳು.

*

ಆ ಕಂಪ್ಯೂಟರನ್ನು ಜಲಜಾಕ್ಷಿಯ ಮಗ, ನವ್ಯಾಳ ಗಂಡ ರಘು ಕೋಣೆಗೆ ತಂದಿಟ್ಟದ್ದು ಮೂರು ವರ್ಷದ ಹಿಂದೆ, ಆಫೀಸಿನವರು ಅವನಿಗೆ ಲ್ಯಾಪ್‌ಟಾಪ್ ಕೊಟ್ಟಾಗ. ನಡುಮನೆಯಲ್ಲಿ ಜಾಗವಿರಲಿಲ್ಲ, ಎಸೆಯಲು ಅವನಿಗೆ ಮನಸ್ಸಿರಲಿಲ್ಲ. ಇಂಟರ್‌ನೆಟ್ಟಿನ ತಂತಿಯನ್ನು ಕಿಟಕಿಯ ಸಂದಿಯಿಂದ ಒಳಗೆಳೆದು, "ಅಮ್ಮಾ, ಬೋರ್ ಆದ್ರೆ ಕನ್ನಡ ಪೇಪರ್ ಓದಿಕೋ," ಎಂದು ಎಲ್ಲಿ ಒತ್ತಬೇಕೆಂದು ತೋರಿಸಿ ಹೋದ. ಹೋದವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಹೆಂಗಸರು ಹೊರಗೆ ಕೂರುವ ಕೋಣೆಯಲ್ಲಿ ಗಂಡಸರಿಗೇನು ಕೆಲಸ?

ಉಳಿದ ದಿನಗಳಲ್ಲಿ ಜಲಜಾಕ್ಷಿ ನಾಲ್ಕೂವರೆಗೆ ಎದ್ದು, ಮಿಂದು ಮಡಿಯುಟ್ಟು ಒಲೆಯ ಮುಂದೆ ನಿಂತರೆ ಹಗಲು ಮುಗಿಯುವವರೆಗೂ ಅವಳ ಹೆಸರು ಮನೆಯಲ್ಲಿ ಓಡಾಡುತ್ತಲೇ ಇರುತ್ತಿತ್ತು. ನಡುಮನೆಯಿಂದ "ಜಲಜಾ, ಕಾಫಿ," ದೇವರ ಕೋಣೆಯಿಂದ "ಜಲಜಾ, ಗಂಧ ತೇದೆಯಾ?" ಮಧ್ಯಾಹ್ನ ಹತ್ತು ನಿಮಿಷ ಕಂಪ್ಯೂಟರಿನ ಮುಂದೆ ಕೂತು ನೋಡಿದ್ದುಂಟು. ಎರಡು ಸಲ ಕರೆ ಬಂತು, ಎದ್ದಳು, ಮತ್ತೆ ಕೂರಲಿಲ್ಲ. ಆ ಮೂರು ದಿನ ಮಾತ್ರ ಅವಳನ್ನು ಕರೆದು ಯಾರಿಗೂ ಪ್ರಯೋಜನವಿಲ್ಲ. ಬೇರೆ ಹೆಂಗಸರಿಗೆ ಹಿತ್ತಿಲ ಕೋಣೆ ಸೆರೆಮನೆ. ಜಲಜಾಕ್ಷಿಗೆ ಉಳಿದ ಇಪ್ಪತ್ತೇಳು ದಿನವೇ ಸೆರೆ.

ಪೇಪರ್ ಓದುತ್ತಾ ಹೋದವಳಿಗೆ ಒಂದು ದಿನ ಒಂದು ಬ್ಲಾಗ್ ಸಿಕ್ಕಿತು. ಮಾಧವರಂನಲ್ಲಿ ಮಗನ ಮನೆಯಲ್ಲಿದ್ದ ಪ್ರೇಮಮ್ಮ ಎಂಬ ಹಾಸನದ ಕಡೆಯ ಹೆಂಗಸು ಬರೆಯುತ್ತಿದ್ದದ್ದು. ಈ ಊರಿಗೆ ಬಂದ ಮೇಲೆ ನಾಲಗೆಯಿಂದ ಜಾರಿಹೋದ ಮಾತುಗಳ ಬಗ್ಗೆ, ದಿನಕ್ಕೊಂದು ಮಾತಿನಂತೆ. ಓದಲು ಬಲು ಚೆನ್ನ, ನೋಡಲು ಸಂಕಟ. ಇಂಗ್ಲಿಷಿಗೆಂದು ಯಾರೋ ಮಾಡಿಟ್ಟ ಪುಟ ಅದು. ಸಾಲುಗಳು ಒಂದರ ಮೇಲೊಂದು ಒತ್ತಿಕೊಂಡು, ಕನ್ನಡದ ಒತ್ತಕ್ಷರಗಳೆಲ್ಲ ಕೆಳಗೆ ಕತ್ತರಿಸಿಹೋಗಿದ್ದವು. 'ನಿಮ್ಮ ಅಕ್ಷರಗಳಿಗೆ ಕಾಲೇ ಇಲ್ಲವಲ್ಲ' ಎಂದು ಜಲಜಾಕ್ಷಿ ಕೆಳಗೆ ಬರೆದಳು. 'ನನಗೆ ಬರೆಯೋದಷ್ಟೇ ಗೊತ್ತು ಕಣಮ್ಮ, ರಿಪೇರಿ ನಿಮಗೆ ಬಂದರೆ ನೀವೇ ಮಾಡಿ' ಎಂದು ಪ್ರೇಮಮ್ಮ ಪಾಸ್‌ವರ್ಡನ್ನೇ ಕಳಿಸಿಬಿಟ್ಟರು.

ಅವಳಿಗೇನು ಬರುತ್ತಿತ್ತು? ಏನೂ ಇಲ್ಲ. ಮದುವೆಗೆ ಮುಂಚೆ ಪಿಯುಸಿ. ಆದರೆ ಯಾರೋ ನಂಬಿ ಬೀಗದಕೈ ಕೊಟ್ಟ ಮೇಲೆ ಒಳಗೆ ಹೋಗದೆ ಇರಲು ಆಗಲಿಲ್ಲ. ಟೆಂಪ್ಲೇಟ್ ಎಂಬುದನ್ನು ತೆರೆದರೆ ಪುಟದ ತುಂಬ ಕೋಡು, ಕೊಕ್ಕೆಯಂಥ ಕಂಸಗಳು, ಅಂಕಿಗಳು. ಗಾಬರಿಯಾಯಿತು. ಆಮೇಲೆ ಅಡುಗೆಯವಳ ಬುದ್ಧಿ ಕೈಗೆ ಬಂತು. ಒಂದು ಅಂಕಿ ಬದಲಿಸುವುದು, ಏನಾಯಿತೆಂದು ನೋಡುವುದು, 'ಬೇಡ' ಎನಿಸಿದರೆ ಹಿಂದಕ್ಕೆ ಹಾಕುವುದು. ಎರಡನೆಯ ದಿನ ಸಾಲಿನಿಂದ ಸಾಲಿಗಿರುವ ಅಂತರದ ಅಂಕಿ ಸಿಕ್ಕಿತು. ಅದನ್ನು ಹೆಚ್ಚಿಸಿದಳು. ಒತ್ತಕ್ಷರಗಳೆಲ್ಲ ಕಾಲು ಚಾಚಿಕೊಂಡು ನಿಂತವು. ಆ ಕೋಣೆಯಲ್ಲಿ ಅವಳು ಒಬ್ಬಳೇ ಕೂತು ನಕ್ಕಳು.

ಹುಮ್ಮಸ್ಸಿನಲ್ಲಿ ಹಿನ್ನೆಲೆಗೆ ತಿಳಿ ಮಜ್ಜಿಗೆಯ ಬಣ್ಣ ಬಂತು, ಪಕ್ಕದಲ್ಲಿ ತುರುಕಿದ್ದ ಪಟ್ಟಿಗಳು ಹೋದವು, ಎರಡು ಕಡೆಯೂ ಧಾರಾಳ ಜಾಗ ಬಂತು. ಮೂರನೆಯ ದಿನ ಮಧ್ಯಾಹ್ನ ಎಲ್ಲೋ ಒಂದು ಕೊಕ್ಕೆ ಅಳಿಸಿಹೋಗಿತ್ತು. ನೋಡದೆ ಸೇವ್ ಒತ್ತಿದಳು. ಪುಟ ಇಡಿಯಾಗಿ ಮಾಯವಾಯಿತು. ನಕಲು ಇಟ್ಟುಕೊಂಡಿರಲಿಲ್ಲ. ಮಾರನೆಯ ಬೆಳಿಗ್ಗೆ ಮಿಂದು ಒಳಗೆ ಬರಲೇಬೇಕು, ಬಂದಳು.

ಎಂಟು ದಿನ ಹುಳಿ ಕುದಿಸುವಾಗಲೂ, ಗಂಧ ತೇಯುವಾಗಲೂ ತಲೆಯಲ್ಲಿ ಆ ಕೊಕ್ಕೆಯೇ. ನಂಬಿದ ಹೆಂಗಸಿನ ಪುಟ ಬೋಳಾಗಿ ನಿಂತಿತ್ತು. ಒಂಬತ್ತನೆಯ ದಿನ ಸೌಟು ಕೆಳಗಿಟ್ಟು, ಒಲೆಯಿಂದ ನಾಲ್ಕು ಹೆಜ್ಜೆ ಹಿಂದೆ ಸರಿದು, ರಮಾಬಾಯಿಯ ಮುಖ ನೋಡದೆ, "ನಾನು ಹೊರಗೆ," ಎಂದಳು. ಅದು ಮೊದಲ ಸುಳ್ಳು. ಕೊಕ್ಕೆ ಅರ್ಧ ಗಂಟೆಯಲ್ಲಿ ಸಿಕ್ಕಿತು, ಉಳಿದ ಎರಡೂವರೆ ದಿನ ಅವಳದೇ ಆಯಿತು. ಮುಂದಿನ ವರ್ಷ ಮೈ ತಾನಾಗಿಯೇ ನಿಂತಿತು. ಅವಳು ಅದನ್ನು ಯಾರಿಗೂ ಹೇಳಲಿಲ್ಲ.

*

ಗಂಗಾಧರ ಮೊರ ತಂದಾಗ ಅವನ ಹಿಂದೆಯೇ ಒಬ್ಬ ಹೆಂಗಸು ಗಲ್ಲಿಯಲ್ಲಿ ಮನೆಯ ನಂಬರು ನೋಡುತ್ತಾ ಬಂದರು. ಅರವತ್ತು ದಾಟಿದವರು, ಹೆಗಲಲ್ಲಿ ಬಟ್ಟೆಯ ಚೀಲ.

"ಜಲಜಾಕ್ಷಿಯವರ ಮನೆ ಇದೇ ತಾನೆ? ನಾನು ಪ್ರೇಮಮ್ಮ ಅಂತ, ಮಾಧವರಂನಿಂದ ಬಂದೆ. ಹಿತ್ತಿಲ ಕಡೆಯಿಂದ ಬನ್ನಿ ಅಂದಿದ್ರು..." ಎಂದವರು ಬಾಗಿಲಲ್ಲಿ ಕಟ್ಟುತ್ತಿದ್ದ ಬಿದಿರು, ಮಡಕೆಯ ಬೆಂಕಿ ನೋಡಿ ಅಲ್ಲೇ ನಿಂತುಬಿಟ್ಟರು.

ಚಂದ್ರಮತಿಯೇ ಕೈಹಿಡಿದು ಒಳಗೆ ಕರೆತಂದಳು. ವಿಷಯ ತಿಳಿದ ಮೇಲೆ ಪ್ರೇಮಮ್ಮ ಜಗಲಿಯ ಕಂಬ ಹಿಡಿದುಕೊಂಡರು. "ಅಯ್ಯೋ, ನಾನು ಮುಖಾನೇ ನೋಡಿರಲಿಲ್ವಲ್ಲಪ್ಪ! ಮೊದಲನೇ ಸಲ ನೋಡೋದು ಹಿಂಗಾ?"

"ಮುಖ ನೋಡದೆ ನಮ್ಮ ಅತ್ತಿಗೆ ಹೇಗೆ ಪರಿಚಯ ನಿಮಗೆ?"

"ಕಂಪ್ಯೂಟರಲ್ಲಿ ಕಣಮ್ಮ. ನಾನು ಬ್ಲಾಗ್ ಬರೀತೀನಿ, ಅದನ್ನ ಕಟ್ಟಿಕೊಟ್ಟೋರು ಇವರು. ಬಣ್ಣ, ಅಕ್ಷರ, ಮೇಲಿನ ಚಿತ್ರ ಎಲ್ಲ ಇವರದೇ. ನಂದೊಂದೇ ಅಲ್ಲ, ನನ್ನಂಥ ಹದಿನಾಲ್ಕು ಜನಕ್ಕೆ ಮಾಡಿಕೊಟ್ಟವ್ರೆ. ಒಬ್ಬೊಬ್ಬರದೂ ಒಂದೊಂದು ತರ."

ತಲೆ ಬೋಳಿಸಿಕೊಂಡು ಒದ್ದೆ ಪಂಚೆಯಲ್ಲಿ ಬಂದ ರಘು ನಿಂತು ಕೇಳಿದ. "ಅಮ್ಮಾನಾ? ಅಮ್ಮಾಗೆ ಮೌಸ್ ಹಿಡಿಯೋಕೇ ಬರಲ್ಲ ಮಾಮಿ. ನೀವು ವೇರೆ ಯಾರನ್ನೋ ಹುಡುಕ್ಕೊಂಡು ಬಂದಿದ್ದೀರಾ."

"ಇಲ್ಲಪ್ಪ, ಇದೇ ವಿಳಾಸ. ಹೋದ ತಿಂಗಳೇ ಬರೆದಿದ್ರು. ಜುಲೈ ಇಪ್ಪತ್ಮೂರರಿಂದ ಇಪ್ಪತ್ತೈದು ನನಗೆ ಬಿಡುವು, ಬನ್ನಿ, ಬಾಗಿಲಲ್ಲಿ ಕೂತು ಮಾತಾಡೋಣ ಅಂತ."

ಚಂದ್ರಮತಿಯ ಕಣ್ಣು ಕ್ಯಾಲೆಂಡರಿನ ಕುಂಕುಮದ ಚುಕ್ಕೆಗೆ ಹೋಯಿತು. ಅಲ್ಲಿಂದ ಪ್ರೇಮಮ್ಮನ ಮುಖಕ್ಕೆ ಬಂತು.

"ಹೋದ ತಿಂಗಳೇ? ಇಪ್ಪತ್ಮೂರಕ್ಕೇ ಹೊರಗೆ ಆಗ್ತೀನಿ ಅಂತ ಹೋದ ತಿಂಗಳೇ ಹೇಗೆ ಗೊತ್ತಾಯ್ತು ಅತ್ತಿಗೆಗೆ?"

ನವ್ಯಾ ಅತ್ತೆಯ ಕಡೆ ನೋಡಿದಳು. ಇದೇ ಹೊತ್ತು. ನಿಜ ಹೇಳಿಬಿಟ್ಟರೆ ಎಲ್ಲ ಮುಗಿಯುತ್ತದೆ, ಮೊರ ಮೂಲೆ ಸೇರುತ್ತದೆ. ಬಾಯಿ ತೆರೆದಳು. ಬಂದದ್ದು ಬೇರೆ ಮಾತು.

"ಅದು ನಾನು ಬರೆದಿದ್ದು. ಕಂಪ್ಯೂಟರ್ ಕೆಲಸ ಎಲ್ಲ ನಂದೇ. ಅತ್ತೆ ಹೆಸರಲ್ಲಿ ನಾನು ಮಾಡ್ತಿದ್ದೆ. ಬನ್ನಿ ಅಂತ ಏನೋ ಒಂದು ದಿನ ಕೊಟ್ಟಿದ್ದೆ, ಅಷ್ಟೆ."

"ಹಾಗೆ ಹೇಳು!" ಎಂದ ರಘು, ದೊಡ್ಡ ಒಗಟು ಬಿಡಿಸಿದವನಂತೆ. ಹೆಂಡತಿಯನ್ನು ಒಂದು ಕ್ಷಣ ದಿಟ್ಟಿಸಿ ನೋಡಿ ಆಚಾರ್ಯರ ಹಿಂದೆ ಹೋದ.

ಪ್ರೇಮಮ್ಮ ನವ್ಯಾಳ ಎರಡು ಕೈಯನ್ನೂ ಹಿಡಿದುಕೊಂಡರು. "ನೀನೇನಮ್ಮ ನನ್ನ ಅಕ್ಷರಕ್ಕೆ ಕಾಲು ಕೊಟ್ಟೋಳು? ಇಷ್ಟು ಚಿಕ್ಕೋಳಾ? ನಿನ್ನ ಹೊಟ್ಟೆ ತಣ್ಣಗಿರಲಿ." ಚೀಲದಿಂದ ಮಡಿಸಿದ ಒಂದು ಹಾಳೆ ತೆಗೆದು ಕೊಟ್ಟರು. ಬ್ಲಾಗಿನ ಹೊಸ ಥೀಮಿನ ಬಣ್ಣದ ಪ್ರಿಂಟು. ಮೇಲೆ ಜಲಜಾಕ್ಷಿ ಬಿಡಿಸಿದ ಒಂದು ಕಿಟಕಿ, ಸರಳುಗಳಿಲ್ಲದ್ದು. "ಕಿಟಕಿ ಇನ್ನೊಂಚೂರು ದೊಡ್ಡದು ಮಾಡಿಕೊಡ್ತೀಯಾ ಅಂತ ಕೇಳೋಣ ಅಂತ ಬಂದೆ. ಈಗ ಅದೆಲ್ಲ ಯಾಕೆ, ಬಿಡು."

ನವ್ಯಾ ತಲೆಯೆತ್ತಲಿಲ್ಲ. ನಾಲ್ಕು ಮೊಳ ದೂರದಲ್ಲಿ ಜಲಜಾಕ್ಷಿ ಮಲಗಿದ್ದಳು. ಅವಳ ಬದುಕಿನಲ್ಲಿ ಅವಳದೇ ಎಂದು ಇದ್ದದ್ದು ಅದೊಂದು ಕೆಲಸ. ಅದನ್ನೂ ನವ್ಯಾ ಕದ್ದಿದ್ದಳು.

*

ನಂಜನಗೂಡಿನಿಂದ ಈ ಮನೆಗೆ ಸೊಸೆಯಾಗಿ ಬಂದಾಗ ನವ್ಯಾಗೆ ಇಪ್ಪತ್ತೈದು. ಕೆಲಸಕ್ಕೆ ಹೋಗುತ್ತೇನೆ ಎಂದಾಗ ರಘು, "ಪಾಕ್ಕಲಾಂ," ನೋಡೋಣ ಎಂದ. ಒಂದೂವರೆ ವರ್ಷವಾದರೂ ಅವನು ನೋಡುತ್ತಲೇ ಇದ್ದ. ಮೊದಮೊದಲು ಆ ಕೋಣೆಯಲ್ಲಿ ಕೂತಾಗ ಅವಳು ಗೋಡೆ ನೋಡಿಕೊಂಡು ಅಳುತ್ತಿದ್ದಳು. ಊರಿನಲ್ಲಿ ಅವಳ ತಾಯಿ ಇದನ್ನೆಲ್ಲ ಬಿಟ್ಟು ಎಷ್ಟೋ ವರ್ಷವಾಗಿತ್ತು.

ನಾಲ್ಕನೆಯ ತಿಂಗಳಿರಬೇಕು, ಬಿದ್ದ ಬಳೆ ಹುಡುಕುತ್ತಾ ಕಂಪ್ಯೂಟರಿನ ಡಬ್ಬದ ಹಿಂದೆ ಕೈಹಾಕಿದಳು. ಪ್ಯಾಡಿನ ಪೊಟ್ಟಣಗಳು ಸಿಕ್ಕವು, ಒಂಬತ್ತು. ಒಂದೂ ಒಡೆದಿರಲಿಲ್ಲ. ಎಲ್ಲ ಅತ್ತೆಗೆಂದು ತರಿಸಿದ್ದು. ಬಾಗಿಲ ಹೊರಗೆ ಜಲಜಾಕ್ಷಿ ಕಾಫಿ ಹಿಡಿದು ನಿಂತಿದ್ದಳು.

"ಅತ್ತೆ, ಇದು..."

ಜಲಜಾಕ್ಷಿ ಹಿಂದೆ ತಿರುಗಿ ನೋಡಿದಳು. ಯಾರೂ ಇರಲಿಲ್ಲ. ಮುಖ ಕೆಂಪಾಯಿತು, ಆಮೇಲೆ ಸೆರಗು ಬಾಯಿಗಿಟ್ಟು ನಕ್ಕಳು. "ನಿಂತು ವರ್ಷ ಆಗ್ತಾ ಬಂತು ಕಣೇ. ಹೇಳಿಬಿಡ್ತೀಯಾ?"

"ಇಲ್ಲ ಅತ್ತೆ. ಆದ್ರೆ ಯಾಕೆ?"

"ಅದನ್ನ ಆನ್ ಮಾಡು, ತೋರಿಸ್ತೀನಿ."

ಹೊಸ್ತಿಲ ಆಚೆ ಹುರುಳಿಕಾಯಿ ಮುರಿಯುತ್ತಾ ಕೂತು ಅವಳು ಹೇಳಿದಳು, ಒಳಗೆ ನವ್ಯಾ ಮಾಡಿದಳು. ಪಾಠ ನಡೆದದ್ದೆಲ್ಲ ಹಾಗೆಯೇ, ಒಬ್ಬರನ್ನೊಬ್ಬರು ಮುಟ್ಟದೆ. ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ಜಲಜಾಕ್ಷಿ ತಾನು ಎಡವಿದ್ದನ್ನೆಲ್ಲ ಬರೆದಿಟ್ಟಿದ್ದಳು. ಮೊದಲು ನಕಲು ಇಟ್ಟುಕೋ. ಒಂದು ಸಲಕ್ಕೆ ಒಂದೇ ಬದಲಾವಣೆ. ಪ್ರಿವ್ಯೂ ನೋಡದೆ ಸೇವ್ ಒತ್ತಬೇಡ. ಇನ್ನೊಂದು ಬ್ಲಾಗ್ ಬರೆಯುವವರ ಪುಟ ತಿದ್ದುವಾಗ, "ಜಾಗ ಬಿಡು ನವ್ಯಾ, ಜಾಗ ಬಿಡು, ಓದೋರಿಗೆ ಉಸಿರು ಕಟ್ಟಬಾರದು," ಎಂದು ಹೊರಗಿನಿಂದ ಗದರುತ್ತಿದ್ದಳು. ನವ್ಯಾ ಅಳುವುದನ್ನು ಬಿಟ್ಟಳು. ತನ್ನ ದಿನಗಳು ಯಾವಾಗ ಬರುತ್ತವೋ ಎಂದು ಕಾಯತೊಡಗಿದಳು.

"ನೀವೇ ಯಾಕೆ ಒಂದು ಬರೀಬಾರದು ಅತ್ತೆ?" ಎಂದು ಕೇಳಿದರೆ, "ಬರೆಯೋಕೆ ನನ್ನ ಹತ್ತಿರ ಏನಿದೆ? ಹುಳಿ, ಸಾರು. ಮನೆ ಕಟ್ಟಿಕೊಡ್ತೀನಿ, ಇರೋರು ಇರಲಿ," ಎನ್ನುತ್ತಿದ್ದಳು.

ಇದೆಲ್ಲ ಅಷ್ಟು ನಿರ್ಮಲವಾದ ಸಂತೋಷವೇನೂ ಆಗಿರಲಿಲ್ಲ. ಜಲಜಾಕ್ಷಿಯನ್ನು ಬಿಟ್ಟರೆ ಮಡಿಯಲ್ಲಿ ತಾವೇ ಅಡುಗೆ ಮಾಡಬೇಕೆಂಬುದು ರಮಾಬಾಯಿಯ ಹಠ. ಸೊಸೆ ಹೊರಗಾದರೆ, ನವ್ಯಾ ಮೇಲುಗೆಲಸಕ್ಕಿದ್ದರೂ ಒಲೆಯ ಮುಂದೆ ನಿಲ್ಲುತ್ತಿದ್ದದ್ದು ಎಂಬತ್ತು ದಾಟಿದ ಆ ಮುದುಕಿಯೇ. ಕಳೆದ ದೀಪಾವಳಿಯ ಹೊತ್ತಿಗೆ ಬಿಸಿ ತುಪ್ಪ ಚೆಲ್ಲಿ ಅವರ ಮುಂಗೈ ಸುಟ್ಟಿತು. ಜಲಜಾಕ್ಷಿ ಕೋಣೆಯಲ್ಲಿ ಕೂತು ಅದನ್ನು ಕೇಳಿಸಿಕೊಂಡಳು, ಎದ್ದು ಹೋಗಿ ಮದ್ದು ಹಚ್ಚುವ ಹಾಗಿರಲಿಲ್ಲ. ಮುಂದಿನ ತಿಂಗಳು ಅವಳು ಹೊರಗೆ ಕೂರಲಿಲ್ಲ. ಅದರ ಮುಂದಿನ ತಿಂಗಳು ಮತ್ತೆ ಕೂತಳು. "ನಾನು ಪಾಪಿ ಕಣೇ," ಎಂದಳು ನವ್ಯಾಗೆ. "ಆದ್ರೂ ಬಿಡಕ್ಕಾಗ್ತಿಲ್ಲ."

*

ಕೋಣೆಯಿಂದ ಜಗಲಿಗೆ ಅತ್ತೆಯನ್ನು ಚಾಪೆಯ ಸಮೇತ ಎಳೆದು ತಂದವಳು ನವ್ಯಾ ಒಬ್ಬಳೇ. ಆದ್ದರಿಂದ, "ಹೇಗೂ ಮುಟ್ಟಿದ್ದೀಯ, ಮೊರ ನೀನೇ ಹಿಡಿ," ಎಂದಳು ಚಂದ್ರಮತಿ. ಅವಳು ಕೊಡದಿಂದ ಸುರಿಯಬೇಕು, ನವ್ಯಾ ಮೊರವನ್ನು ಓರೆಯಾಗಿ ಹಿಡಿದು ನೀರು ದೇಹದ ಮೇಲೆ ಹಾಯುವಂತೆ ಮಾಡಿ ಗಟ್ಟಿಯಾಗಿ ಎಣಿಸಬೇಕು.

ಒಂದು. ಎರಡು. ಸಂಪಿನ ನೀರು ತಣ್ಣಗೆ ಕೊರೆಯುತ್ತಿತ್ತು. ಜಲಜಾಕ್ಷಿಯ ಕೂದಲು ಹಣೆಗೆ ಅಂಟಿತು. ಮೂಗಿನ ಮೇಲೆ ಕನ್ನಡಕದ ಎರಡು ಗುರುತು ಇನ್ನೂ ಹಾಗೇ ಇದ್ದವು. ಬೆಳಿಗ್ಗೆ ಆ ಕನ್ನಡಕ ತೆಗೆದು, ಉರಿಯುತ್ತಿದ್ದ ಪರದೆಯನ್ನು ಆರಿಸಿ, ಆಮೇಲೆಯೇ ನವ್ಯಾ ಮನೆಯವರನ್ನು ಕೂಗಿದ್ದಳು. ಪರದೆಯ ಮೇಲೆ ಪ್ರೇಮಮ್ಮನ ಕಿಟಕಿ ಇತ್ತು.

ಹನ್ನೊಂದು ಎಂದಾಗ ರಮಾಬಾಯಿ ಊರುಗೋಲನ್ನು ನೆಲಕ್ಕೆ ಕುಟ್ಟಿದರು. "ನಿಲ್ಲಿಸಿ. ನೀರು ಕಾಯಿಸಿ."

"ಏನಮ್ಮಾ ಇದು, ಹೆಣಕ್ಕೆ..." ಎಂದಳು ಚಂದ್ರಮತಿ.

"ತಣ್ಣೀರು ಅವಳಿಗೆ ಆಗಲ್ಲ. ಆಡಿ ಗಾಳಿ ಬೇರೆ. ಸೀನು ಶುರುವಾದರೆ ನಿಲ್ಲಲ್ಲ ಅವಳಿಗೆ."

ಆಚಾರ್ಯರು ಕೆಮ್ಮಿದರು. "ರಮಾಬಾಯಿ, ಶಾಸ್ತ್ರದಲ್ಲಿ..."

"ಶಾಸ್ತ್ರದಲ್ಲಿ ತಣ್ಣೀರು ಅಂತ ಬರೆದಿದೆಯಾ?"

ಆಚಾರ್ಯರು ಪುಸ್ತಕ ನೋಡಿದರು. "ನೀರು ಅಂತ ಇದೆ."

"ಸರಿ ಮತ್ತೆ. ಕಾಯಿಸಿ."

ಗಂಗಾಧರನ ಮನೆಯಲ್ಲಿ ನೀರು ಕಾಯಿಸಿ ಕೊಡ ಕೊಡವಾಗಿ ಇಳಿಸಿದರು. ಬೆಳಗಿನಿಂದ ಒಂದು ಹನಿ ಕಣ್ಣೀರು ಹಾಕದ ಕೃಷ್ಣಮೂರ್ತಿ ಗೋಡೆಗೆ ಮುಖ ಕೊಟ್ಟು ಬಿಕ್ಕಿದರು. ಹನ್ನೆರಡು, ಹದಿಮೂರು. ಜಗಲಿಯಿಂದ ಹಬೆ ಏಳತೊಡಗಿತು.

ಅರವತ್ಮೂರರವರೆಗೆ ಬಂದಾಗ ನವ್ಯಾಳ ದನಿ ನಿಂತಿತು. ಇನ್ನು ಆಗುವುದಿಲ್ಲ ಎನಿಸಿತು. ಹೋಗಲಿ, ಕೋಣೆ ಹಾಳಾಗಿ ಹೋಗಲಿ. ಮೊರ ಇಳಿಸಿ ಮುದುಕಿಯ ಕಡೆ ತಿರುಗಿದಳು.

"ಅಜ್ಜಿ, ಅತ್ತೆಗೆ ನಿಜವಾಗಿ..."

"ಎಣಿಸು ನವ್ಯಾ," ಎಂದರು ರಮಾಬಾಯಿ. ಅವಳ ಮುಖವನ್ನೇ ನೋಡುತ್ತಿದ್ದರು. "ತಪ್ಪಿದರೆ ಮೊದಲಿಂದ ಹಾಕಬೇಕಾಗತ್ತೆ."

ನವ್ಯಾ ಮೊರ ಎತ್ತಿದಳು. ಅರವತ್ನಾಲ್ಕು ಎಂದಳು.

ನೂರೆಂಟು ಮುಗಿದು, ಪಂಚಗವ್ಯ ಮುಗಿದು, ಹಸಿರು ಸೀರೆಯುಡಿಸಿ ನಡುಮನೆಗೆ ತಂದಾಗ ಹನ್ನೆರಡು ಗಂಟೆ. ಹೆಂಗಸರು ಬಂದು ಕುಂಕುಮ ಹಚ್ಚಿದರು. ಕೊನೆಗೆ ಬಂದ ಪ್ರೇಮಮ್ಮ ಬಾಗಿ ಜಲಜಾಕ್ಷಿಯ ಬಲಗೈಯ ಬೆರಳುಗಳನ್ನು ಮುಟ್ಟಿದರು, ನವ್ಯಾಳ ಕಡೆ ಒಮ್ಮೆ ನೋಡಿದರು. ಆಮೇಲೆ ಗಂಡಸರು ಹೊತ್ತುಕೊಂಡು ಹೋದರು. ಸೀರೆಯ ಅಂಗಡಿಯ ಕೂಗು ಗಲ್ಲಿಯ ತುದಿಯವರೆಗೂ ಜೊತೆಗೆ ಹೋಯಿತು.

*

ಗಂಡಸರು ತಿರುಗಿ ಬಂದು ಮಿಂದಾಗ ಬಿಸಿಲು ಇನ್ನೂ ಇತ್ತು. ಮನೆಯೆಲ್ಲ ತೊಳೆದಾಗಿತ್ತು. ಚಂದ್ರಮತಿ ಕೊನೆಗೆ ಹಿತ್ತಿಲ ಕೋಣೆಗೆ ಬಕೆಟ್ಟು ತಂದಳು.

"ಗಂಗಾಧರ, ಈ ಕಂಪ್ಯೂಟರ್ ಎತ್ತು. ತೊಳೆಯೋಕೆ ಅಡ್ಡ. ಹಾಗೇ ತಗೊಂಡು ಹೋಗಿ ಹಳೇ ಸಾಮಾನಿನವನಿಗೆ ಹಾಕಿಬಿಡು." ಆಮೇಲೆ ನವ್ಯಾಳ ಕಡೆ ತಿರುಗಿದಳು. ದನಿಯಲ್ಲಿ ಕೋಪವೇನೂ ಇರಲಿಲ್ಲ. "ಇನ್ನು ಒಲೆ ನಿನ್ನ ಪಾಲಿಗೆ ಬಂತಲ್ಲಮ್ಮ. ಅತ್ತಿಗೆ ಇದ್ದಾಗ ನೀನು ಇದರಲ್ಲಿ ಆಡಿಕೊಂಡಿದ್ದೆ, ಪೋದುಂ, ಸಾಕು. ಏನೋ ರಘು?"

"ಆಮಾ, ಹೌದು, ತೆಗೆದುಬಿಡಿ," ಎಂದ ರಘು, ನಡುಮನೆಯಿಂದಲೇ.

ಬೆಳಿಗ್ಗೆ ಹೇಳಿದ ಸುಳ್ಳು ತಿರುಗಿ ಬಂದು ನವ್ಯಾಳ ಕಾಲಿಗೇ ಸುತ್ತಿಕೊಂಡಿತ್ತು. ಯಾವುದನ್ನು ಉಳಿಸಿಕೊಳ್ಳಲು ಅತ್ತೆಯನ್ನು ನೂರೆಂಟು ಸಲ ನೆನೆಸಿದಳೋ ಅದನ್ನೇ ಗಂಗಾಧರ ತಂತಿ ಕಿತ್ತು ಎತ್ತಲು ಹೊರಟಿದ್ದ. ಅದರೊಳಗೆ ಹದಿನಾಲ್ಕು ಜನರ ಪುಟಗಳ ನಕಲಿತ್ತು. ಪಕ್ಕದಲ್ಲಿ ನೋಟ್‌ಬುಕ್ಕಿತ್ತು.

ಅವಳು ಗಂಗಾಧರನಿಗಿಂತ ಮುಂಚೆ ಹೊಸ್ತಿಲು ದಾಟಿದಳು. ಮಾನಿಟರಿನ ಮೇಲೆ ಬಲಗೈ ಇಟ್ಟಳು.

"ನಾನು ಹೊರಗೆ," ಎಂದಳು.

ಗಂಗಾಧರ ಚಾಚಿದ ಕೈ ಹಿಂದಕ್ಕೆಳೆದುಕೊಂಡು ಎರಡು ಹೆಜ್ಜೆ ಸರಿದ. ಚಂದ್ರಮತಿಯ ಕೈಯಲ್ಲಿದ್ದ ಬಕೆಟ್ಟಿನ ನೀರು ಅಲುಗಿತು. ಅವಳು ಒಮ್ಮೆಲೇ ಕ್ಯಾಲೆಂಡರಿಗೆ ಹೋಗಿ ಅರಿಶಿನದ ಚುಕ್ಕೆಯ ಮೇಲೆ ಬೆರಳಿಟ್ಟಳು.

"ಹನ್ನೊಂದಕ್ಕೆ ಕೂತಿದ್ದಳು ಇವಳು! ಇವತ್ತು ಇಪ್ಪತ್ನಾಲ್ಕು. ಹದಿಮೂರು ದಿನಕ್ಕೇ ಹೇಗೆ ಆಗತ್ತೆ? ಅಮ್ಮಾ, ನೀನೇ ಇಟ್ಟ ಚುಕ್ಕೆ, ನೋಡು."

ರಮಾಬಾಯಿ ನೋಡಲಿಲ್ಲ. ಆ ಚುಕ್ಕೆಗಳನ್ನು ವರ್ಷಾನುಗಟ್ಟಲೆ ತಾವೇ ಇಟ್ಟವರಿಗೆ ಗೋಡೆ ನೋಡಿ ತಿಳಿಯಬೇಕಾದದ್ದು ಏನೂ ಇರಲಿಲ್ಲ. ಅವರು ಕೋಣೆಯೊಳಗೆ, ಮಾನಿಟರಿನ ಮೇಲಿದ್ದ ಕೈಯನ್ನು ನೋಡುತ್ತಿದ್ದರು. ಅವರ ಮುಂಗೈಯಲ್ಲಿ ತುಪ್ಪ ಸುಟ್ಟ ಕಲೆ ಹೊಳೆಯುತ್ತಿತ್ತು.

"ಎಲ್ಲರ ಮೈಯೂ ಒಂದೇ ತರ ಇರತ್ತಾ?" ಎಂದರು.

"ಅಲ್ಲಮ್ಮಾ, ರಘು ಕ್ರಿಯೆಗೆ ಕೂತಿದ್ದಾನೆ. ಇವಳು ಹೀಗೆ ಕೂತರೆ ಅವನಿಗೆ ಯಾರು ಬೇಯಿಸಿ ಹಾಕ್ತಾರೆ?"

"ನೀನಿದ್ದೀಯಲ್ಲ."

ಚಂದ್ರಮತಿ ಬಕೆಟ್ಟು ಕೆಳಗಿಟ್ಟಳು. ಗಂಗಾಧರ ಕಿತ್ತ ತಂತಿಯನ್ನು ಕೆಳಗಿಟ್ಟು ಹೊರಟುಹೋದ. ಇನ್ನು ಮೂರು ದಿನ ಆ ಪೆಟ್ಟಿಗೆಯನ್ನು ಈ ಮನೆಯಲ್ಲಿ ಯಾರೂ ಮುಟ್ಟುವ ಹಾಗಿರಲಿಲ್ಲ.

ರಮಾಬಾಯಿ ಊರುಗೋಲು ಊರಿ ಎದ್ದು ಜಗಲಿಗೆ ಬಂದರು. ಮೂಲೆಯಲ್ಲಿ ಬೆಳಗಿನ ಕಾಫಿಯ ಸ್ಟೀಲು ಲೋಟ ಬೋರಲು ಬಿದ್ದಿತ್ತು, ಹೊರಗಾದವರಿಗೆಂದೇ ಇಟ್ಟದ್ದು. ಅಂಗಡಿಯಲ್ಲಿ ಕೆತ್ತಿಸಿದ ಜಲಜಾಕ್ಷಿಯ ಹೆಸರು ಅದರ ಹೊಟ್ಟೆಯ ಮೇಲಿತ್ತು. ಮುದುಕಿ ಬಾಗಲಿಲ್ಲ, ಕೈಯಿಂದ ಮುಟ್ಟಲಿಲ್ಲ. ಊರುಗೋಲಿನ ತುದಿಯಿಂದ ಮೆಲ್ಲಗೆ ತಳ್ಳಿದರು. ಲೋಟ ಕಲ್ಲಿನ ಮೇಲೆ ಸದ್ದು ಮಾಡುತ್ತಾ ಹೋಗಿ ಕೋಣೆಯ ಹೊಸ್ತಿಲಿಗೆ ತಾಗಿ ನಿಂತಿತು.

ನವ್ಯಾ ಬಲಗೈಯನ್ನು ಮಾನಿಟರಿನ ಮೇಲಿಂದ ತೆಗೆಯದೆ, ಎಡಗೈ ಚಾಚಿ ಅದನ್ನು ತೆಗೆದುಕೊಂಡಳು.